ಕಂಡದ್ದಕ್ಕೆ ಮಾತ್ರ ಸೀಟಿ



ಸೀಟಿಯ ಸದ್ದು ನಮಗೆಲ್ಲ ಗೊತ್ತು. ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದುತ್ತಾರೆ. ಬಸ್ಸು ನಿಲ್ಲುತ್ತದೆ. ಮತ್ತೆ ಊದುತ್ತಾರೆ. ಬಸ್ಸು ಹೊರಡುತ್ತದೆ. ನಾಲ್ಕು ರಸ್ತೆ ಕೂಡುವ ಕಡೆ ಪೊಲೀಸರು ಸೀಟಿ ಊದುತ್ತಾರೆ. ಲಾರಿ, ಕಾರು ಎಲ್ಲ ನಿಲ್ಲುತ್ತವೆ. ಸೀಟಿ ಚಿಕ್ಕದು. ಅದರ ಮಾತು ದೊಡ್ಡದು.

ಆಟದ ಬಯಲಿನಲ್ಲೂ ಒಬ್ಬರ ಬಾಯಲ್ಲಿ ಸೀಟಿ ಇರುತ್ತೆ. ಅವರೇ ತೀರ್ಪುಗಾರರು. ರೆಫ್ರಿ ಅಂತಲೂ ಕರೀತಾರೆ. ಯಾರದು ಸರಿ, ಯಾರದು ತಪ್ಪು ಅಂತ ಅವರು ಆ ಕ್ಷಣದಲ್ಲೇ ಹೇಳಬೇಕು. ನಾಳೆ ಹೇಳ್ತೀನಿ ಅಂದರೆ ಆಗೋಲ್ಲ.

ಬಹಳ ಕಾಲ ಈ ಸೀಟಿ ಗಂಡಸರ ಬಾಯಲ್ಲೇ ಇತ್ತು. ಈಗ ಹಾಗಿಲ್ಲ. ಹೆಂಗಸರೂ ರೆಫ್ರಿ ಆಗಿದ್ದಾರೆ. ಈ ಪಾಠದಲ್ಲಿ ನಾವು ಬ್ಯಾಸ್ಕೆಟ್‌ಬಾಲ್ ಆಟದ ರೆಫ್ರಿ ಕೆಲಸ ತಿಳಿಯೋಣ. ಹೊಸಬಳಾದ ಹೆಣ್ಣುಮಗಳು ಈ ಕೆಲಸಕ್ಕೆ ಹೇಗೆ ಇಳೀಬೇಕು? ಮೊದಲ ಅನುಭವ ಎಲ್ಲಿ ಸಿಗುತ್ತೆ? ಜನ ಕೂಗಿದಾಗ ಏನು ಮಾಡಬೇಕು? ಬನ್ನಿ, ನೋಡೋಣ.

ಇದು ಎಂಥ ಆಟ?

ನಿಮ್ಮ ಊರಿನ ಹೈಸ್ಕೂಲಿನಲ್ಲೋ, ಹತ್ತಿರದ ಪೇಟೆಯಲ್ಲೋ ಈ ಆಟ ನೋಡಿರಬಹುದು. ಅಂಕಣದ ಎರಡು ತುದಿಗೆ ಎರಡು ಕಂಬ. ಕಂಬದ ಮೇಲೆ ಹಲಗೆ. ಹಲಗೆಗೆ ಕಬ್ಬಿಣದ ಬಳೆ. ಬಳೆಗೆ ಬಲೆ. ಬಳೆ ನೆಲದಿಂದ 3 ಮೀಟರ್ 5 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತೆ. ಅಂದರೆ ಸುಮಾರು 10 ಅಡಿ.

ಅಂಕಣದ ಉದ್ದ 28 ಮೀಟರ್. ಅಗಲ 15 ಮೀಟರ್. ಒಂದೊಂದು ತಂಡದಿಂದ 5 ಜನ ಆಡ್ತಾರೆ. ಚೆಂಡನ್ನು ಎದುರು ತಂಡದ ಬಳೆಯೊಳಗೆ ಹಾಕಬೇಕು. ಹತ್ತಿರದಿಂದ ಹಾಕಿದರೆ 2 ಅಂಕ. ದೂರದ ಕಮಾನು ಗೆರೆಯ ಆಚೆಯಿಂದ ಹಾಕಿದರೆ 3 ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಬಿಡಿ ಎಸೆತಕ್ಕೆ 1 ಅಂಕ.

ಆಟಕ್ಕೆ ನಾಲ್ಕು ಭಾಗ. ಒಂದೊಂದು ಭಾಗ 10 ನಿಮಿಷ.

ಚೆಂಡನ್ನು ಹಿಡಿದುಕೊಂಡು ಓಡಬಾರದು. ನೆಲಕ್ಕೆ ಪುಟಿಸುತ್ತಾ ಓಡಬೇಕು. ಚೆಂಡು ಹಿಡಿದು ನಿಂತಾಗ ಒಂದು ಕಾಲು ಕದಲಬಾರದು. ಬೀಸೋ ಕಲ್ಲಿನ ನಡುಗೂಟದ ಹಾಗೆ ಅದು ನಿಂತಲ್ಲೇ ಇರಬೇಕು. ಇನ್ನೊಂದು ಕಾಲಿನಿಂದ ಸುತ್ತಲೂ ತಿರುಗಬಹುದು.

ಎದುರಾಳಿಯನ್ನು ತಳ್ಳಬಾರದು. ಹಿಡಿದು ಎಳೀಬಾರದು. ಕೈಗೆ ಹೊಡೀಬಾರದು. ಹಾಗೆ ಮಾಡಿದರೆ ಅದು ಫೌಲು. ಒಬ್ಬಳು 5 ಫೌಲು ಮಾಡಿದರೆ ಅವಳು ಆ ಆಟದಿಂದ ಹೊರಗೆ.

ಹಣ್ಣಿನ ಬುಟ್ಟಿಯಿಂದ ಬಂದ ಆಟ

ಈ ಆಟ ಹುಟ್ಟಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. 1891ನೇ ಇಸವಿ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಇದ್ದರು. ಆಗ ಚಳಿಗಾಲ. ಹೊರಗೆ ಆಡಲು ಆಗದು. ಹುಡುಗರಿಗೆ ಒಳಗೇ ಆಡಲು ಒಂದು ಆಟ ಬೇಕಿತ್ತು. ಅವರು ಹಣ್ಣು ತುಂಬುವ ಎರಡು ಬುಟ್ಟಿ ತಂದರು. ಎತ್ತರದಲ್ಲಿ ಮೊಳೆ ಹೊಡೆದು ಕಟ್ಟಿಸಿದರು. ಬುಟ್ಟಿಗೆ ಚೆಂಡು ಹಾಕಿ ಅಂದರು. ಇಂಗ್ಲಿಷಿನಲ್ಲಿ ಬುಟ್ಟಿಗೆ ಬ್ಯಾಸ್ಕೆಟ್ ಅಂತಾರೆ. ಅದಕ್ಕೇ ಆಟಕ್ಕೆ ಈ ಹೆಸರು.

ಆ ಬುಟ್ಟಿಗೆ ತಳ ಇತ್ತು. ಚೆಂಡು ಒಳಗೆ ಬಿದ್ದರೆ ಅಲ್ಲೇ ಕೂರುತ್ತಿತ್ತು. ಯಾರಾದರೂ ಮೇಲೆ ಹತ್ತಿ ತೆಗೆದುಕೊಡಬೇಕಿತ್ತು!

ನೈಸ್ಮಿತ್ 13 ನಿಯಮ ಬರೆದರು. ಇಬ್ಬರು ತೀರ್ಪುಗಾರರು ಇರಬೇಕು ಅಂತ ಅದರಲ್ಲೇ ಇತ್ತು. ಒಬ್ಬರು ಚೆಂಡನ್ನು ನೋಡಬೇಕು. ಇನ್ನೊಬ್ಬರು ಆಟಗಾರರನ್ನು ನೋಡಬೇಕು. ಅಂದರೆ ಆಟ ಹುಟ್ಟಿದ ದಿನವೇ ರೆಫ್ರಿಯೂ ಹುಟ್ಟಿದರು. ತೀರ್ಪು ಹೇಳುವವರು ಇಲ್ಲದಿದ್ದರೆ ಆಟ ಜಗಳ ಆಗುತ್ತೆ. ಇದು ಅವರಿಗೆ ಗೊತ್ತಿತ್ತು.

ಮರು ವರ್ಷವೇ, 1892ರಲ್ಲಿ, ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಈ ಆಟವನ್ನು ಹೆಣ್ಣುಮಕ್ಕಳಿಗೆ ಕಲಿಸಿದರು. ಒಲಿಂಪಿಕ್ಸ್‌ನಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಲ್ಲಿ ಬಂತು. ಹೆಂಗಸರ ಆಟ ಬಂದದ್ದು 1976ರಲ್ಲಿ. ನಡುವೆ 40 ವರ್ಷ! ಹೆಣ್ಣುಮಕ್ಕಳು ಬಾಗಿಲ ಹೊರಗೆ ಎಷ್ಟು ಕಾಲ ನಿಂತಿದ್ದರು ನೋಡಿ.

ನಮ್ಮ ಬೆಂಗಳೂರಿನಲ್ಲೂ ದೊಡ್ಡ ಪಂದ್ಯಾವಳಿ ನಡೆದಿದೆ. 2017ರಲ್ಲಿ ಏಷ್ಯಾದ ಮಹಿಳೆಯರ ಪಂದ್ಯಗಳು ಅಲ್ಲಿ ನಡೆದವು. ಎರಡನೇ ದರ್ಜೆಯ ಗುಂಪಿನ ಕೊನೆಯ ಪಂದ್ಯದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು ಸೋಲಿಸಿದರು. ಭಾರತಕ್ಕೆ 75 ಅಂಕ. ಕಜಕಸ್ತಾನಕ್ಕೆ 73. ಎರಡೇ ಅಂಕದ ಗೆಲುವು. ಇಂಥ ಆಟದಲ್ಲಿ ಒಂದೊಂದು ಸೀಟಿಗೂ ಎಷ್ಟು ಬೆಲೆ! ನೀವೇ ಯೋಚಿಸಿ.

ಮೊದಲ ಮೆಟ್ಟಿಲು: ಲೆಕ್ಕದ ಮೇಜು

"ನಿಯಮದ ಪುಸ್ತಕ ಓದಿದೆ. ನಾಳೆಯಿಂದ ನಾನು ರೆಫ್ರಿ." ಹೀಗೆ ಹೇಳಿದರೆ ಆಗುತ್ತಾ? ಆಗೋಲ್ಲ. ನೀರಿಗೆ ಇಳಿಯದೆ ಈಜು ಬಾರದು. ಹಾಗಂತ ಮೊದಲ ದಿನವೇ ತುಂಬಿದ ಹೊಳೆಗೆ ಹಾರಲೂಬಾರದು. ಮೊಣಕಾಲುದ್ದ ನೀರಿನಲ್ಲಿ ಶುರು ಮಾಡಬೇಕು.

ಬ್ಯಾಸ್ಕೆಟ್‌ಬಾಲಿನಲ್ಲಿ ಮೊಣಕಾಲುದ್ದದ ನೀರು ಯಾವುದು? ಅಂಕಣದ ಪಕ್ಕದ ಮೇಜು.

ಆ ಮೇಜಿನ ಹತ್ತಿರ ಕೆಲವರು ಕೂತಿರುತ್ತಾರೆ. ಒಬ್ಬರು ಅಂಕ ಬರೀತಾರೆ. ಒಬ್ಬರು ಗಡಿಯಾರ ನೋಡ್ತಾರೆ. ಅಂಕ ಬರೆಯುವ ಹಾಳೆಯಲ್ಲಿ ಆಟಗಾರ್ತಿಯರ ಹೆಸರು ಇರುತ್ತೆ. ಅಂಗಿಯ ನಂಬರು ಇರುತ್ತೆ. 1, 2, 3 ಅಂತ ಅಂಕಿಗಳ ಸಾಲು ಇರುತ್ತೆ. ಚೆಂಡು ಬಳೆಗೆ ಬಿದ್ದರೆ ಒಟ್ಟು ಅಂಕದ ಅಂಕಿಯ ಮೇಲೆ ಒಂದು ಓರೆ ಗೆರೆ. ಬಿಡಿ ಎಸೆತ ಬಿದ್ದರೆ ಅಂಕಿಯ ಮೇಲೆ ತುಂಬಿದ ಚುಕ್ಕೆ. ಫೌಲು ಆದರೆ ಆಟಗಾರ್ತಿಯ ಹೆಸರಿನ ಮುಂದೆ ಗುರುತು.

ಹೆಸರು ಓದಲು ಬರಬೇಕು. ಅಂಕಿ ಬರೆಯಲು ಬರಬೇಕು. ಕಣ್ಣು ಆಟದ ಮೇಲೆ ಇರಬೇಕು. ಅಕ್ಷರ ಕಲಿತವರು ಸ್ವಲ್ಪ ಅಭ್ಯಾಸ ಮಾಡಿದರೆ ಈ ಕೆಲಸ ಕಲೀಬಹುದು.

ಮೇಜಿನ ಹತ್ತಿರ ಕೂತರೆ ಏನು ಲಾಭ? ರೆಫ್ರಿ ಸೀಟಿ ಊದಿ, ಮೇಜಿನ ಕಡೆ ತಿರುಗಿ ಕೈಸನ್ನೆ ಮಾಡ್ತಾರೆ. ಅದು ದಿನಾ ಕಣ್ಣಿಗೆ ಬೀಳುತ್ತೆ. ಮುಷ್ಟಿ ಕಟ್ಟಿ ಕೈ ಮೇಲೆತ್ತಿದರೆ ಫೌಲು. ಬೆರಳು ಜೋಡಿಸಿ ಅಂಗೈ ಬಿಚ್ಚಿ ಮೇಲೆತ್ತಿದರೆ ಬೇರೆ ತಪ್ಪು. ಎರಡು ಮುಷ್ಟಿಯನ್ನು ಒಂದರ ಸುತ್ತ ಒಂದು ತಿರುಗಿಸಿದರೆ, ಚೆಂಡು ಹಿಡಿದು ನಡೆದ ತಪ್ಪು. ಇದು ಕೈಯ ಭಾಷೆ. ಕನ್ನಡ ಬರದವರಿಗೂ ತಿಳಿಯುವ ಭಾಷೆ. ಬೆಂಗಳೂರಿನಲ್ಲಿ ಇರುವ ಸನ್ನೆಯೇ ಕಜಕಸ್ತಾನದಲ್ಲೂ.

ಎರಡನೆಯ ಮೆಟ್ಟಿಲು: ಮಕ್ಕಳ ಆಟ

ಮೇಜಿನ ಕೆಲಸ ರೂಢಿ ಆಯಿತು. ಈಗ ಸೀಟಿ ಹಿಡಿಯೋಣ. ಎಲ್ಲಿ?

ಹತ್ತಿರದ ಶಾಲೆಗೆ ಹೋಗಿ. ದೈಹಿಕ ಶಿಕ್ಷಕರನ್ನು ಕಾಣಿ. "ಸಾರ್, ಸಂಜೆ ಮಕ್ಕಳು ಅಭ್ಯಾಸಕ್ಕೆ ಆಡುವಾಗ ನಾನು ಸೀಟಿ ಊದಲಾ?" ಅಂತ ಕೇಳಿ. ಅಭ್ಯಾಸದ ಆಟದಲ್ಲಿ ಕಪ್ಪು ಇಲ್ಲ, ಬಹುಮಾನ ಇಲ್ಲ. ಹೊಸಬರು ಕಲಿಯೋದಕ್ಕೆ ಅದೇ ಒಳ್ಳೆಯ ಜಾಗ.

ಚಿಕ್ಕ ಮಕ್ಕಳ ಆಟ ನಿಧಾನ. ನಮ್ಮ ಕಣ್ಣು ಅದರ ಜೊತೆ ಓಡಬಲ್ಲದು. ಸೀಟಿ ಊದಿದ ಮೇಲೆ ಮಗುವಿಗೆ ಕಾರಣವನ್ನೂ ಹೇಳಿ. "ಪುಟ್ಟಾ, ಪುಟಿಸಿ ನಿಲ್ಲಿಸಿದೆ. ಮತ್ತೆ ಪುಟಿಸೋ ಹಾಗಿಲ್ಲ." ಹೀಗೆ ಹೇಳುತ್ತಾ ಹೇಳುತ್ತಾ ನಿಯಮ ನಮ್ಮ ಬಾಯಲ್ಲೂ ಕೂರುತ್ತೆ.

ಹೊಸ ರೆಫ್ರಿಗೆ ನಾವು ಹೇಳುವ ಮಾತು ಇವು:

ಒಂದು. ಸೀಟಿಯನ್ನು ಒಮ್ಮೆ ಊದಿ. ಗಟ್ಟಿಯಾಗಿ ಊದಿ. ಪುಸಕ್ ಅಂತ ಊದಿದರೆ ಯಾರೂ ನಂಬೋಲ್ಲ. ಹೆಂಗಸು ಜೋರಾಗಿ ಮಾತಾಡಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿದ್ದಾರೆ. ಹಾಗಾಗಿ ಊದಲು ನಾಚಿಕೆ ಆಗುತ್ತೆ. ಹೊಲದ ಬದುವಿನ ಮೇಲೆ ನಿಂತು ಊದಿ ರೂಢಿ ಮಾಡಿಕೊಳ್ಳಿ.

ಎರಡು. ಎಲ್ಲವನ್ನೂ ಒಮ್ಮೆಗೇ ನೋಡಲು ಹೋಗಬೇಡಿ. ಮೊದಲ ದಿನ ಕಾಲು ನೋಡಿ. ಯಾರು ಚೆಂಡು ಹಿಡಿದು ನಡೆದರು? ಎರಡನೇ ದಿನ ಕೈ ನೋಡಿ. ಯಾರು ಹೊಡೆದರು, ಯಾರು ಎಳೆದರು? ಹನಿ ಹನಿ ಕೂಡಿದರೆ ಹಳ್ಳ.

ಮೂರು. ಚೆಂಡನ್ನೇ ನೋಡುತ್ತಾ ನಿಲ್ಲಬೇಡಿ. ನೋಡುವ ಜನರೆಲ್ಲ ಚೆಂಡನ್ನು ನೋಡ್ತಾರೆ. ರೆಫ್ರಿ ಆಟಗಾರ್ತಿಯರ ನಡುವಿನ ಜಾಗವನ್ನು ನೋಡಬೇಕು. ತಪ್ಪು ನಡೆಯೋದು ಅಲ್ಲಿ.

ನಾಲ್ಕು. ನಿಂತವಳಿಗೂ ಹಕ್ಕು ಇದೆ. ತನ್ನ ಜಾಗದಲ್ಲಿ ನೆಟ್ಟಗೆ ನಿಂತು ಕೈ ಮೇಲೆತ್ತಿದವಳು ತಪ್ಪು ಮಾಡಿಲ್ಲ. ಅವಳು ನಿಂತ ಜಾಗ ಅವಳದು. ಅದರ ಮೇಲಿನ ಗಾಳಿಯೂ ಅವಳದು. ಓಡಿ ಬಂದವಳು ಅವಳಿಗೆ ಡಿಕ್ಕಿ ಹೊಡೆದು ಬಿದ್ದರೆ ಜನ "ಫೌಲು ಫೌಲು" ಅಂತ ಕೂಗ್ತಾರೆ. ಬಿದ್ದವಳ ಮೇಲೆ ಎಲ್ಲರಿಗೂ ಕನಿಕರ. ಆದರೆ ಬಿದ್ದವಳೇ ತಪ್ಪು ಮಾಡಿರಬಹುದು. ಅದನ್ನು ನೋಡಿ ಹೇಳಬೇಕಾದವಳು ರೆಫ್ರಿ.

ಐದು. ಇದು ಎಲ್ಲಕ್ಕಿಂತ ದೊಡ್ಡದು. ಕಂಡದ್ದಕ್ಕೆ ಮಾತ್ರ ಸೀಟಿ ಊದಿ. "ತಳ್ಳಿರಬೇಕು" ಅಂತ ಊದಬಾರದು. "ತಳ್ಳಿದ್ದು ಕಂಡೆ" ಅಂದರೆ ಊದಬೇಕು. ಅರ್ಧ ಕ್ಷಣ ತಡ ಆದರೂ ಪರವಾಗಿಲ್ಲ. ಊಹೆಯ ಮೇಲೆ ತೀರ್ಪು ಕೊಡಬಾರದು.

ಮೂರನೆಯ ಮೆಟ್ಟಿಲು: ಹಿರಿಯರ ಜೊತೆ

ಪಂದ್ಯಕ್ಕೆ ಇಬ್ಬರು ರೆಫ್ರಿ ಇರುತ್ತಾರೆ. ಕೆಲವು ಕಡೆ ಮೂವರು. ಇಬ್ಬರಿದ್ದಾಗ ಒಬ್ಬರು ಮುಂದೆ ಓಡಿ ಬಳೆಯ ಹತ್ತಿರ ನಿಲ್ಲುತ್ತಾರೆ. ಇನ್ನೊಬ್ಬರು ಆಟದ ಹಿಂದೆ ಬರುತ್ತಾರೆ. ಚೆಂಡು ತಿರುಗಿ ಆ ಕಡೆ ಹೋದರೆ, ಹಿಂದೆ ಇದ್ದವರು ಈಗ ಮುಂದೆ ಓಡಬೇಕು. ಮುಂದೆ ಇದ್ದವರು ಹಿಂದೆ. ಏತದ ಎರಡು ತುದಿ ಇದ್ದ ಹಾಗೆ. ಒಬ್ಬರು ಚೆಂಡಿನ ಹತ್ತಿರ ನೋಡಿದರೆ, ಇನ್ನೊಬ್ಬರು ಉಳಿದವರನ್ನು ನೋಡ್ತಾರೆ.

ಹೊಸಬಳು ಹಿರಿಯ ರೆಫ್ರಿಯ ಜೋಡಿಯಾಗಿ ಕೆಲಸ ಮಾಡಬೇಕು. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ಶುರು ಆಗುತ್ತವೆ. ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಮೊದಲು ಕೆಳಗಿನ ಪಂದ್ಯಕ್ಕೆ ಹೋಗಿ. ಹಿರಿಯರನ್ನು ಮೊದಲೇ ಕೇಳಿ. "ಮೇಡಂ, ನನ್ನ ಕೆಲಸ ನೋಡಿ. ಒಂದು ಒಳ್ಳೆಯದು ಹೇಳಿ. ಒಂದು ತಿದ್ದಬೇಕಾದ್ದು ಹೇಳಿ." ಒಂದೊಂದೇ ಸಾಕು. ಹತ್ತು ಹೇಳಿದರೆ ಒಂದೂ ನೆನಪಿರೋಲ್ಲ.

ಸಮಯಕ್ಕೆ ಮುಂಚೆ ಹೋಗಿ. ರೆಫ್ರಿಯ ಅಧಿಕಾರ ಆಟಕ್ಕೆ 20 ನಿಮಿಷ ಮುಂಚೆಯೇ ಶುರು ಆಗುತ್ತೆ. ಬಳೆ, ಬಲೆ, ಚೆಂಡು, ಗೆರೆ ಎಲ್ಲ ನೋಡಿಕೊಳ್ಳಬೇಕು. ಆಟಗಾರ್ತಿಯರ ಕೈಯಲ್ಲಿ ಬಳೆ, ಕಿವಿಯಲ್ಲಿ ಓಲೆ ಇದ್ದರೆ ತೆಗೆಸಬೇಕು. ಇಲ್ಲದಿದ್ದರೆ ಗಾಯ ಆಗುತ್ತೆ.

ಬೇರೆ ಊರಿಗೆ ಹೋಗಬೇಕಾದರೆ ಮೊದಲೇ ಕೇಳಿ ತಿಳಿಯಿರಿ. ಬಸ್ಸಿನ ಖರ್ಚು ಕೊಡ್ತಾರಾ? ಭತ್ಯೆ ಎಷ್ಟು? ರಾತ್ರಿ ಆದರೆ ಉಳಿಯೋದು ಎಲ್ಲಿ? ಬಟ್ಟೆ ಬದಲಿಸಲು ಕೋಣೆ ಇದೆಯಾ? ಇದನ್ನು ಕೇಳಲು ನಾಚಬಾರದು. ಇದು ದುಡಿಮೆ. ದುಡಿಮೆಗೆ ಲೆಕ್ಕ ಇರಬೇಕು.

ಕೂಗಾಟ ಬಂದಾಗ

ಅಕ್ಕಾ, ಒಂದು ಮಾತು ಮುಚ್ಚಿಡೋದು ಬೇಡ. ರೆಫ್ರಿಗೆ ಬೈಗುಳ ತಪ್ಪದು. ಸೋತವರು ರೆಫ್ರಿಯನ್ನು ಬೈತಾರೆ. ಹೆಣ್ಣು ರೆಫ್ರಿ ಆದರೆ ಒಂದು ಮಾತು ಜಾಸ್ತಿ. "ಅಡಿಗೆ ಮನೆಗೆ ಹೋಗಮ್ಮಾ" ಅಂತ ಯಾರೋ ಕೂಗ್ತಾರೆ. ನಾಲ್ಕು ಜನ ನಗ್ತಾರೆ. ಎದೆ ಡವಗುಟ್ಟುತ್ತೆ. ಅಂಥ ದಿನ ಮನೆಗೆ ಬಂದು, ಇನ್ನು ಈ ಸೀಟಿ ಬೇಡ ಅನ್ನಿಸುತ್ತೆ. ಎಷ್ಟೋ ಹೊಸಬರು ಈ ಕೆಲಸ ಬಿಡೋದು ಇಲ್ಲೇ. ನಿಯಮ ಬಾರದೆ ಬಿಡೋಲ್ಲ. ಕೂಗಾಟ ತಾಳದೆ ಬಿಡ್ತಾರೆ.

ಆಗ ಏನು ಮಾಡಬೇಕು?

ಅಂಕಣದ ಹೊರಗಿನ ಮಾತಿಗೆ ಉತ್ತರ ಕೊಡಬೇಡಿ. ತಿರುಗಿಯೂ ನೋಡಬೇಡಿ. ಕಣ್ಣು ಆಟದ ಮೇಲೆ ಇರಲಿ.

ತಂಡದ ತರಬೇತುದಾರರು ಮರ್ಯಾದೆಯಿಂದ ಕೇಳಿದರೆ ಒಂದೇ ಸಾಲಿನಲ್ಲಿ ಹೇಳಿ. "ನಿಮ್ಮ 7ನೇ ನಂಬರಿನವರು ಕೈ ಹಿಡಿದು ಎಳೆದರು ಸಾರ್." ಅಷ್ಟೇ ಸಾಕು. ವಾದಕ್ಕೆ ನಿಲ್ಲಬೇಡಿ.

ಅವರು ಮಿತಿ ಮೀರಿದರೆ ಮೊದಲು ಎಚ್ಚರಿಕೆ ಕೊಡಿ. ಮತ್ತೂ ಮೀರಿದರೆ ನಿಯಮವೇ ನಮ್ಮ ಬೆನ್ನಿಗೆ ಇದೆ. ಅದಕ್ಕೆ ಟೆಕ್ನಿಕಲ್ ಫೌಲು ಅಂತ ಹೆಸರು. ಎದುರು ತಂಡಕ್ಕೆ ಒಂದು ಬಿಡಿ ಎಸೆತ ಸಿಗುತ್ತೆ. ಕೋಪದಿಂದ ಕೊಡಬೇಡಿ. ಹೆದರಿ ಕೊಡದೆಯೂ ಇರಬೇಡಿ.

ಒಂದು ತೀರ್ಪು ತಪ್ಪಾಯಿತು ಅನ್ನಿಸಿದರೆ? ಅದನ್ನು ಸರಿದೂಗಿಸಲು ಇನ್ನೊಂದು ಕಡೆಗೆ ಸುಳ್ಳು ಸೀಟಿ ಊದಬಾರದು. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಇಟ್ಟರೆ ನ್ಯಾಯ ಆಗೋಲ್ಲ. ಎರಡು ತಪ್ಪು ಆಗುತ್ತೆ. ಮುಂದಿನ ಆಟ ಸರಿಯಾಗಿ ನೋಡಿ.

ಪಂದ್ಯ ಮುಗಿದ ಮೇಲೆ

ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರೇ ಸಾಲು ಸಾಕು. ಇಂದು ಎಲ್ಲಿ, ಯಾರ ಆಟ? ಯಾವ ತೀರ್ಪು ಕಷ್ಟ ಆಯಿತು? ಆಗ ನಾನು ನಿಂತಿದ್ದು ಎಲ್ಲಿ? ಹಲವು ಸಲ ತೀರ್ಪು ತಪ್ಪುವುದು ನಿಯಮ ಗೊತ್ತಿಲ್ಲದೆ ಅಲ್ಲ. ನಿಂತ ಜಾಗ ಸರಿ ಇಲ್ಲದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಕಾಣುತ್ತಿತ್ತು. ಹತ್ತು ಪಂದ್ಯ ಆದ ಮೇಲೆ ಆ ಪುಸ್ತಕ ಓದಿ. ನಿಮ್ಮ ಪಾಠಪುಸ್ತಕ ನೀವೇ ಬರೆದಿರುತ್ತೀರಿ.

ಇನ್ನೊಂದು ಮಾತು. ಪಂದ್ಯ ಮುಗಿದ ಮೇಲೆ ಅಂಕದ ಹಾಳೆಗೆ ಮುಖ್ಯ ರೆಫ್ರಿ ಸಹಿ ಹಾಕಬೇಕು. ಆ ಸಹಿ ಬಿದ್ದ ಮೇಲೆ ರೆಫ್ರಿಯ ಕೆಲಸ ಮುಗಿಯಿತು. ಸಹಿಗೆ ಮುಂಚೆ ಹಾಳೆಯನ್ನು ಓದಬೇಕು. ಕೂಡಿಸಿ ನೋಡಬೇಕು. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಓದದೆ ಸಹಿ ಇಲ್ಲ. ನೋಡದೆ ಸೀಟಿ ಇಲ್ಲ.

ಮುಂದೆ ಹೋದವರು

ಅಮೆರಿಕದಲ್ಲಿ ಗಂಡಸರ ದೊಡ್ಡ ಪಂದ್ಯಾವಳಿ ಒಂದಿದೆ. ಅದರ ಹೆಸರು ಎನ್.ಬಿ.ಎ. ಅಲ್ಲಿ ಬಹಳ ವರ್ಷ ಹೆಣ್ಣು ರೆಫ್ರಿ ಇರಲಿಲ್ಲ. 1997ರಲ್ಲಿ ಮೊದಲ ಸಲ ಇಬ್ಬರು ಹೆಂಗಸರು ಬಂದರು. ಅವರ ಹೆಸರು ವಯೋಲೆಟ್ ಪಾಮರ್ ಮತ್ತು ಡೀ ಕ್ಯಾಂಟ್ನರ್.

ವಯೋಲೆಟ್ ಪಾಮರ್ ಕಾಲೇಜಿನಲ್ಲಿ ಆಟ ಆಡಿದವರು. ಎನ್.ಬಿ.ಎ.ಗೆ ಬರುವ ಮೊದಲು ಕಾಲೇಜು ಹೆಣ್ಣುಮಕ್ಕಳ ಪಂದ್ಯಗಳಲ್ಲಿ ರೆಫ್ರಿ ಕೆಲಸ ಮಾಡಿದ್ದರು. ಬಂದ ಕೂಡಲೇ ದೊಡ್ಡ ಪಂದ್ಯ ಸಿಗಲಿಲ್ಲ. ಲೀಗ್ ಮುಗಿದ ಮೇಲಿನ ಮುಖ್ಯ ಸುತ್ತಿನ ಪಂದ್ಯಕ್ಕೆ ಅವರು ರೆಫ್ರಿ ಆದದ್ದು 2006ರಲ್ಲಿ. ಒಂಬತ್ತು ವರ್ಷ ಕಾದರು. ಒಂಬತ್ತು ವರ್ಷ ದುಡಿದರು. 2016ರವರೆಗೆ ಸೀಟಿ ಊದಿದರು. ಅಷ್ಟೆತ್ತರದ ಗಂಡಸರ ನಡುವೆ ನಿಂತು ತೀರ್ಪು ಹೇಳಿದರು.

ನಮ್ಮಲ್ಲೂ ದಾರಿ ಇದೆ. ಆಟ ಬಲ್ಲ ಹೆಣ್ಣುಮಗಳು ನಿಯಮ ಕಲಿತು, ಪರೀಕ್ಷೆ ಪಾಸು ಮಾಡಿ ರೆಫ್ರಿ ಆಗಬಹುದು. ಜಿಲ್ಲೆಯ ಕ್ರೀಡಾ ಇಲಾಖೆಯಲ್ಲಿ, ಬ್ಯಾಸ್ಕೆಟ್‌ಬಾಲ್ ಸಂಘದಲ್ಲಿ ಕೇಳಿ. ನಿಮ್ಮ ಮಗಳು, ನಾದಿನಿ, ಪಕ್ಕದ ಮನೆಯ ಹುಡುಗಿ ಆಡುತ್ತಿದ್ದಾಳಾ? ಈ ಪಾಠವನ್ನು ಅವಳಿಗೆ ಓದಿ ಹೇಳಿ.

ನೀವೇ ಅಂಕಣಕ್ಕೆ ಇಳಿಯದಿದ್ದರೂ ಈ ಪಾಠ ನಿಮ್ಮದೇ. ಸಂಘದ ಸಭೆಯಲ್ಲಿ ಇಬ್ಬರ ಜಗಳ ಬರುತ್ತೆ. ಪಂಚಾಯ್ತಿಯಲ್ಲಿ ಮನೆ ಯಾರಿಗೆ ಅನ್ನೋ ಮಾತು ಬರುತ್ತೆ. ಈಗ ಅಲ್ಲೆಲ್ಲ ಹೆಂಗಸರು ಕೂತು ತೀರ್ಮಾನ ಹೇಳಬೇಕು. ಕೂಗಿದವರ ಕಡೆ ವಾಲಬಾರದು. ಬಿದ್ದವರನ್ನು ಕಂಡು ಕರಗಲೂಬಾರದು. ಹತ್ತಿರ ಹೋಗಿ ನೋಡಬೇಕು. ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು.

ಓದಿ, ಉತ್ತರ ಹೇಳಿ

1. ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಆ ಹೆಸರು ಹೇಗೆ ಬಂತು?
2. ದೂರದ ಗೆರೆಯ ಆಚೆಯಿಂದ ಚೆಂಡು ಹಾಕಿದರೆ ಎಷ್ಟು ಅಂಕ?
3. ಹೊಸ ರೆಫ್ರಿ ಮೊದಲು ಮೇಜಿನ ಹತ್ತಿರ ಯಾಕೆ ಕೂರಬೇಕು?
4. ಮುಷ್ಟಿ ಕಟ್ಟಿ ಕೈ ಮೇಲೆತ್ತಿದರೆ ಏನು ಅರ್ಥ?
5. ಒಂದು ತಂಡ 2 ಅಂಕದ ಎಸೆತ 6 ಹಾಕಿತು. 3 ಅಂಕದ್ದು 2 ಹಾಕಿತು. ಬಿಡಿ ಎಸೆತ 4 ಹಾಕಿತು. ಒಟ್ಟು ಅಂಕ ಎಷ್ಟು? ಬರೆದು ಕೂಡಿಸಿ.

ಕೂತು ಮಾತಾಡಿ

ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಿದಾಗ ನಿಮಗೆ ಏನನ್ನಿಸಿತು? ಯಾರಾದರೂ ನಕ್ಕರೇ? ಆಗ ನೀವು ಏನು ಮಾಡಿದಿರಿ? ನಿಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬೊಬ್ಬರೂ ಹೇಳಿ.

ಮಾಡಿ ನೋಡಿ

ಊರಿನ ಮಕ್ಕಳು ಖೋ ಖೋ, ಕಬಡ್ಡಿ, ಯಾವ ಆಟ ಆಡಿದರೂ ಸರಿ. ಒಂದು ಸಂಜೆ ಹೋಗಿ ಕೂರಿ. ಒಂದು ಹಾಳೆಯಲ್ಲಿ ಎರಡು ತಂಡದ ಹೆಸರು ಬರೆಯಿರಿ. ಅಂಕ ಬರೆಯಿರಿ. ಆಟ ಮುಗಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿ. ಕೆಳಗೆ ನಿಮ್ಮ ಸಹಿ ಹಾಕಿ.